ಸೂಜಿ ಇಲ್ಲದ ಡಾಕ್ಟರ್ ಮತ್ತು ನಾಲ್ಕು ಖಾಲಿ ಕಾರ್ಡುಗಳು

31 ವರ್ಷ ಸ್ಟೇಷನ್ ಮಾಸ್ತರನಾಗಿದ್ದವನ ಕೈಗೆ ಒಂದು ವೇಳಾಪಟ್ಟಿ ಕೊಟ್ಟರೆ ಅವನು ಮೊದಲು ತಪ್ಪು ಹುಡುಕುತ್ತಾನೆ. ಮಗಳು ‘ಅಪ್ಪಾ, ಇದನ್ನು ಗೋಡೆಗೆ ಹಾಕಿಕೊಡಿ’ ಎಂದು ಮಕ್ಕಳ ದಿನಚರಿ ಫಲಕವೊಂದನ್ನು ತಂದಿಟ್ಟಾಗ ನಾನು ಮಾಡಿದ್ದೂ ಅದನ್ನೇ.

ದಪ್ಪ ರಟ್ಟಿನ ಉದ್ದನೆಯ ಫಲಕ. ಮೇಲಿಂದ ಕೆಳಕ್ಕೆ ಹತ್ತು ಮನೆಗಳು, ಅಂಟಿಸಿ ಕೀಳಲು ವೆಲ್ಕ್ರೊ, 48 ಚಿತ್ರದ ಕಾರ್ಡುಗಳು, ನಾಲ್ಕು ಖಾಲಿ ಕಾರ್ಡುಗಳು, ಒಂದು ಹಾಳೆಯಷ್ಟು ನಕ್ಷತ್ರಗಳು, ಜೊತೆಗೊಂದು ಕೈಪಿಡಿ. ಏಳುವುದು, ಹಲ್ಲುಜ್ಜುವುದು, ಸ್ನಾನ, ಶಾಲೆ, ಆಟ, ಡಾಕ್ಟರ್, ನಿದ್ದೆ, ಹೀಗೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಮಾದರಿಯವನ್ನು ಬೇರೆಯವರೂ ಮಾಡುತ್ತಾರೆ.

ಇದು ಮನೆಗೆ ಬಂದದ್ದು ಮೊಮ್ಮಗಳಿಗಾಗಿ. ಮೂರು ವರ್ಷ ಒಂಬತ್ತು ತಿಂಗಳ ಮಗು. ಒಂದೇ ತಿಂಗಳಲ್ಲಿ ಮನೆ ಬದಲಾಯಿತು, ಶಾಲೆ ಶುರುವಾಯಿತು, ಅಮ್ಮ ಮತ್ತೆ ಕೆಲಸಕ್ಕೆ ಹೊರಟಳು. ಎರಡು ತಿಂಗಳ ಮಟ್ಟಿಗೆ ನೆರವಿಗೆಂದು ನಾನು ಬಂದೆ. ಮಗು ಅಳುತ್ತಿರಲಿಲ್ಲ, ಕೇಳುತ್ತಿತ್ತು. ‘ಆಮೇಲೆ ಏನು?’ ಹಲ್ಲುಜ್ಜುವಾಗ, ಚಪ್ಪಲಿ ಮೆಟ್ಟುವಾಗ, ನಡುರಾತ್ರಿ ಎಚ್ಚರವಾದಾಗ. ಉತ್ತರ ಮುಗಿಯುವ ಮೊದಲೇ ಮತ್ತೆ ‘ಆಮೇಲೆ?’ ಆ ವಯಸ್ಸಿಗೆ ನಿನ್ನೆ ನಾಳೆಗಳು ಇನ್ನೂ ಬೇರೆಬೇರೆಯಾಗಿ ಕೂತಿರುವುದಿಲ್ಲ. ‘ನಿನ್ನೆ ನಾವು ಶಾಲೆಗೆ ಹೋಗುತ್ತೇವಾ?’ ಎಂದು ಕೇಳುವವಳಿಗೆ ಅಮ್ಮ ಐದು ಗಂಟೆಗೆ ಬರುತ್ತಾಳೆ ಎಂದು ಹೇಳಿ ಏನು ಪ್ರಯೋಜನ?

ಫಲಕದ ಮುಂದೆ ನಿಂತರೆ ಅದೇ ಉತ್ತರಕ್ಕೆ ಅವಳು ಬೆರಳಿಡಬಹುದಿತ್ತು. ಈಗ ನಿದ್ದೆ, ಅದರ ಕೆಳಗೆ ಆಟ, ಅದರ ಕೆಳಗೆ ಅಮ್ಮ. ಚಿತ್ರಗಳ ಮೂಲಕ ದಿನವನ್ನು ತೋರಿಸುವ ಈ ಉಪಾಯ ಇಂದಿನದಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 1972ರಲ್ಲಿ ನೆಲೆಗೊಂಡ ‘ಟೀಚ್’ ಎಂಬ ಕಾರ್ಯಕ್ರಮ ಆಟಿಸಂ ಇರುವವರ ಕಲಿಕೆಗೆ ಇದನ್ನು ಮುಖ್ಯವಾಗಿ ಬಳಸಿತು. ಈಗ ಸಾಮಾನ್ಯ ಶಿಶುವಿಹಾರಗಳ ಗೋಡೆಯ ಮೇಲೂ ಇದೆ. ಆಡಿದ ಮಾತು ಗಾಳಿಯಲ್ಲಿ ಹೋಗುತ್ತದೆ, ಚಿತ್ರ ಗೋಡೆಯ ಮೇಲೆ ಉಳಿಯುತ್ತದೆ. ಇಷ್ಟು ಸರಳ ವಿಷಯ ನಮಗೆ ಹೊಳೆದಿರಲಿಲ್ಲ.

ಆದರೆ ಹತ್ತು ಮನೆ ಯಾರಿಗೆ ಬೇಕು? ಮೊದಲ ದಿನ ಎಲ್ಲವನ್ನೂ ತುಂಬಿಸಿದೆವು. ಮಗು ಒಮ್ಮೆ ನೋಡಿ, ಹೊರಟುಹೋಗಿ, ಮಂಚದ ಕೆಳಗೆ ಕೂತಿತು. ಮರುದಿನ ಏಳು ಮನೆಗಳ ಮೇಲೆ ಪತ್ರಿಕೆಯ ಹಾಳೆ ಅಂಟಿಸಿ ಮೂರನ್ನು ಮಾತ್ರ ಉಳಿಸಿದೆ. ಆಗ ಬಂದು ನಿಂತಳು.

ಡಾಕ್ಟರ್ ಕಾರ್ಡಿನ ಕತೆ ಹೇಳಲೇಬೇಕು. ಬಿಳಿ ಕೋಟು, ಕೊರಳಲ್ಲಿ ಸ್ಟೆತೊಸ್ಕೋಪ್, ಕಿವಿಯವರೆಗೂ ನಗು. ಲಸಿಕೆಯ ದಿನ ಅದನ್ನೇ ಅಂಟಿಸಿದೆವು. ಮಗು ಖುಷಿಯಿಂದ ಹೊರಟಿತು. ಮರಳಿ ಬಂದದ್ದೇ ತೋಳು ಹಿಡಿದುಕೊಂಡು ನೇರವಾಗಿ ಫಲಕದ ಬಳಿ ಹೋಗಿ, ಪರ್‌ರೆಂದು ಕಾರ್ಡನ್ನು ಕಿತ್ತು, ‘ಈ ಡಾಕ್ಟರ್ ಸುಳ್ಳು’ ಎಂದು ಕಪಾಟಿನ ಹಿಂದೆ ಎಸೆಯಿತು. ನನಗೆ ಎದುರು ಮಾತಿರಲಿಲ್ಲ. ಕೋಲಿನಿಂದ ಅದನ್ನು ಹೊರಗೆಳೆದು, ಧೂಳು ಒರೆಸಿ, ಡಾಕ್ಟರರ ಕೈಗೆ ಪೆನ್ಸಿಲ್ಲಿನಲ್ಲಿ ಒಂದು ಸೂಜಿ ಕೊಟ್ಟೆ. ಅವಳು ಹತ್ತಿರ ಬಂದು ನೋಡಿ, ‘ಇನ್ನೂ ದೊಡ್ಡದು’ ಎಂದಳು. ದೊಡ್ಡದು ಮಾಡಿದೆ. 48 ಕಾರ್ಡುಗಳಲ್ಲಿ ಒಂದೇ ಒಂದು ಮುಖವೂ ಅಳುತ್ತಿಲ್ಲ, ಹೆದರಿಲ್ಲ, ಮುನಿಸಿಕೊಂಡಿಲ್ಲ. ಹೊಸದನ್ನು ಎದುರಿಸುವ ಮಗುವಿಗೆಂದು ಮಾಡಿದ ವಸ್ತುವಿನಲ್ಲಿ ಇದು ಸಣ್ಣ ಕೊರತೆಯಲ್ಲ.

ಇನ್ನೂ ದೊಡ್ಡದೊಂದಿದೆ: ಬದಲಾವಣೆಗೇ ಕಾರ್ಡಿಲ್ಲ. ಒಂದು ಸಂಜೆ ಜೋರು ಮಳೆ. ಉದ್ಯಾನದ ಕಾರ್ಡನ್ನು ಮಗಳು ಸದ್ದಿಲ್ಲದೆ ತೆಗೆದು ಪುಸ್ತಕದ ಕಾರ್ಡು ಹಾಕಿದಳು. ಆಮೇಲೆ ಮುಕ್ಕಾಲು ಗಂಟೆ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಗಾಡಿ ಎರಡು ಗಂಟೆ ತಡ ಎಂದರೆ ಪ್ರಯಾಣಿಕರು ಗೊಣಗಿ ಬೆಂಚಿನ ಮೇಲೆ ಕೂರುತ್ತಾರೆ. ಧ್ವನಿವರ್ಧಕ ಸುಮ್ಮನಿದ್ದರೆ ನನ್ನ ಕೊಠಡಿಯ ಬಾಗಿಲು ಬಡಿಯುತ್ತಿದ್ದರು. ಆ ರಾತ್ರಿ ಒಂದು ಖಾಲಿ ಕಾರ್ಡಿನ ಮೇಲೆ ಕವಲೊಡೆಯುವ ಎರಡು ಹಳಿ ಬರೆದೆ. ಏನಾದರೂ ಬದಲಾದರೆ ಮೊದಲು ಅವಳ ಕಣ್ಣೆದುರೇ ‘ಹಳಿ ಕಾರ್ಡ್’, ಆಮೇಲೆ ಹೊಸ ಚಿತ್ರ. ಕೆಟ್ಟ ಸುದ್ದಿಗಷ್ಟೇ ಬಳಸಿದರೆ ಮಗು ಆ ಕಾರ್ಡನ್ನೇ ದ್ವೇಷಿಸುತ್ತದೆಂದು ಮೊದಲ ವಾರ ಬೇಕೆಂದೇ ಸಿಹಿ ಬದಲಾವಣೆಗಳನ್ನು ಮಾಡಿದೆವು: ಸ್ನಾನಕ್ಕೆ ಮೊದಲೇ ಗುಳ್ಳೆ ಊದುವುದು, ನಿದ್ದೆಗೆ ಮುಂಚೆ ಒಂದರ ಬದಲು ಎರಡು ಕತೆ. ಮುಂದಿನ ಮಳೆಗೆ ಮುಖ ಊದಿಸಿಕೊಂಡಳು, ಕಿರುಚಲಿಲ್ಲ.

ನಕ್ಷತ್ರಗಳನ್ನು ನಾನು ಬಿಸಾಡಿದೆ. ಅಳದೆ ಶಾಲೆಗೆ ಹೋದರೆ ಒಂದು ನಕ್ಷತ್ರ ಅಂಟಿಸಬೇಕಂತೆ. ಅಳುವುದೇನು ಅಪರಾಧವೇ?

‘ಏಳೇ ದಿನಗಳಲ್ಲಿ ಹೊಂದಿಕೆ’ ಎಂಬ ಪೆಟ್ಟಿಗೆಯ ಮೇಲಿನ ಬರಹವನ್ನೂ ನಂಬಬೇಡಿ. ನಮಗೆ ಐದು ವಾರ ಬೇಕಾಯಿತು. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯರು 1956ರಿಂದ ನ್ಯೂಯಾರ್ಕಿನಲ್ಲಿ ಮಕ್ಕಳನ್ನು ಹಸುಗೂಸಿನಿಂದಲೇ ವರ್ಷಗಟ್ಟಲೆ ಗಮನಿಸುತ್ತಾ ಬಂದರು. ಹೊಸದರೆದುರು ಮೊದಲು ಹಿಂದೆ ಸರಿದು, ನಿಧಾನವಾಗಿ ಒಗ್ಗಿಕೊಳ್ಳುವವರು ಅವರಲ್ಲಿ ಶೇ. 15ರಷ್ಟಿದ್ದರು. ನನ್ನ ಮಗಳು ಚಿಕ್ಕವಳಿದ್ದಾಗ ಯಾರ ತೊಡೆಗೂ ಏರುತ್ತಿದ್ದಳು. ಅವಳ ಮಗಳು ಬಾಗಿಲ ಸಂದಿಯಿಂದ ಮೂರು ದಿನ ನೋಡಿ ನಾಲ್ಕನೆಯ ದಿನ ‘ನಿಮ್ಮ ಹೆಸರೇನು?’ ಎನ್ನುವವಳು. ಇದನ್ನು ಪೆಟ್ಟಿಗೆ ಮಾಡಿದವರು ಬಲ್ಲವರಲ್ಲ.

ವೆಲ್ಕ್ರೊ ಮೂರನೆಯ ವಾರಕ್ಕೆ ಕಿತ್ತುಬಂತು, ಗಟ್ಟಿ ಅಂಟು ಹಾಕಿದೆ. ಕಾರ್ಡಿನ ಅಂಚುಗಳು ದುಂಡಗಿವೆ, ಬಣ್ಣ ಒದ್ದೆ ಬಟ್ಟೆಗೆ ಬಿಡುವುದಿಲ್ಲ. ಐದಕ್ಕೆ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಒಂದು ಆ ಖಾಲಿ ಕಾರ್ಡುಗಳಿಗೆ.

ಎರಡನೆಯ ಖಾಲಿ ಕಾರ್ಡಿನಲ್ಲಿ ಅವಳು ಹಳೆಯ ಮನೆಯನ್ನು ಬರೆಸಿಕೊಂಡಳು, ನೀಲಿ ಬಾಗಿಲು ಸಮೇತ. ನಿದ್ದೆಯ ಕೆಳಗೆ ತಾನೇ ಅಂಟಿಸುತ್ತಿದ್ದಳು. ಮಗಳು ಅದನ್ನು ಬಚ್ಚಿಡಲು ಹೊರಟಾಗ ನಾನು ಬಿಡಲಿಲ್ಲ. ಆ ಮನೆಯ ಸರದಿ ಬಂದಾಗ ಮೊಬೈಲಿನಲ್ಲಿ ಅದರ ಫೋಟೊಗಳನ್ನು ನೋಡುತ್ತಿದ್ದೆವು. ಈಗ ವಾರಕ್ಕೊಮ್ಮೆ ಅಂಟಿಸಿದರೆ ಹೆಚ್ಚು.

ಮೂರನೆಯದು ನಾನು ಹೊರಡುವ ದಿನಕ್ಕೆ: ರೈಲು, ಕಿಟಕಿಯಲ್ಲಿ ನನ್ನ ಕನ್ನಡಕ. ಅದನ್ನು ಬಹಳ ಹೊತ್ತು ನೋಡಿ ಕೊನೆಯ ಖಾಲಿ ಕಾರ್ಡನ್ನು ನನ್ನ ಕೈಗಿಟ್ಟಳು. ‘ತಾತ, ಇದರಲ್ಲಿ ರೈಲನ್ನು ಈ ಕಡೆಗೆ ತಿರುಗಿಸು.’