ಪ್ರವಾಸಕ್ಕೆ ಹಣ ಕಟ್ಟಿದ ಮೇಲೆ ಗರ್ಭಿಣಿಯೆಂದು ತಿಳಿದರೆ ಏಜೆನ್ಸಿಯ ಫೋನಿನ ಮಾತನ್ನು ನಂಬಬೇಡಿ

ಆಫ್ರಿಕಾದ ಸಫಾರಿ ಪ್ರವಾಸಕ್ಕೆ ಹಣ ಕಟ್ಟಿರುವ ಅಥವಾ ಕಟ್ಟಲು ಹೊರಟಿರುವ ದಂಪತಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರವಾಸ ಗೊತ್ತುಮಾಡಿದ ಮೇಲೆ ನಿರೀಕ್ಷೆಯಿಲ್ಲದೆ ಗರ್ಭ ಧರಿಸಿದರೆ, ಅದು ಕಾಯಿಲೆಯಲ್ಲವೆಂಬ ಕಾರಣ ಕೊಟ್ಟು ವಿಮಾ ಕಂಪನಿ ಕೈತೊಳೆದುಕೊಳ್ಳುತ್ತದೆ. ಅದು ನಿಮ್ಮ ಸ್ವಂತ ನಿರ್ಧಾರವೆಂದು ಹೇಳಿ ಏಜೆನ್ಸಿ ಹಣ ಹಿಡಿದಿಟ್ಟುಕೊಳ್ಳುತ್ತದೆ. ಈ ಎರಡರ ನಡುವೆ, ರದ್ದತಿಯ ಗಡುವು ದಾಟುವವರೆಗೆ ನಿಮ್ಮನ್ನು ಸಿಹಿಮಾತಿನಲ್ಲಿ ಕಾಯಿಸುವವರೂ ಇದ್ದಾರೆ. ನಮ್ಮನ್ನು ಹಾಗೆ ಕಾಯಿಸಿದ ಬೆಂಗಳೂರಿನ ಏಜೆನ್ಸಿಯ ಹೆಸರನ್ನು, ವ್ಯಾಜ್ಯ ಇನ್ನೂ ಮುಗಿಯದ ಕಾರಣ, ಇಲ್ಲಿ ಬರೆಯುವುದಿಲ್ಲ.

ಕಳೆದ ದಸರಾ ರಜೆಗೆ ನಾನು, ನನ್ನ ಪತಿ ಮತ್ತು ಪ್ರೌಢಶಾಲೆಯಲ್ಲಿ ಓದುತ್ತಿರುವ ಮಗಳು ಕೀನ್ಯಾಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಅಲ್ಲಿನ ಮಸಾಯಿ ಮಾರಾ ವನ್ಯಧಾಮದಲ್ಲಿ ವೈಲ್ಡ್‌ಬೀಸ್ಟ್ ಎಂಬ ಕಾಡುಪ್ರಾಣಿಗಳ ಹಿಂಡುಗಳು ಜುಲೈಯಿಂದ ಅಕ್ಟೋಬರ್‌ವರೆಗೆ ಕಾಣಸಿಗುತ್ತವೆ. ನಮ್ಮ ಶಾಲೆಗಳ ದಸರಾ ರಜೆ ಆ ಅವಧಿಯ ಕೊನೆಗೆ ಬೀಳುವುದರಿಂದ ಗುಂಪು ಪ್ರವಾಸಗಳಿಗೆ ಬೇಡಿಕೆ ಹೆಚ್ಚು. ಹಣವನ್ನು ಮೇ ತಿಂಗಳಿನಲ್ಲೇ ಪೂರ್ತಿ ಕಟ್ಟಿಸಿಕೊಂಡರು. ಹಳದಿ ಜ್ವರದ ಲಸಿಕೆ ಕಡ್ಡಾಯವೆಂಬುದನ್ನು ಮಾತ್ರ ಕಾರ್ಯಕ್ರಮಪಟ್ಟಿಯ ಕೊನೆಯ ಪುಟದಲ್ಲಿ, ಟೋಪಿ ಮತ್ತು ಬೈನಾಕ್ಯುಲರ್ ತರಲು ಮರೆಯಬೇಡಿ ಎಂಬ ಸಾಲಿನ ಕೆಳಗೆ, ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದರು.

ಈ ಲಸಿಕೆಯ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಎಲ್ಲ ತೊಡಕೂ ಅಲ್ಲಿಂದಲೇ ಹುಟ್ಟಿತು. ಹಳದಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಊರುಗಳಲ್ಲಿ ಧಾರಾಳವಾಗಿದೆ. ಡೆಂಗ್ಯೂ ಹರಡುವುದೂ ಅದೇ. ಆದರೆ ಆ ಜ್ವರದ ವೈರಾಣು ಭಾರತದಲ್ಲಿಲ್ಲ. ಒಬ್ಬ ಪ್ರಯಾಣಿಕನ ರಕ್ತದಲ್ಲಿ ಅದು ಇಲ್ಲಿಗೆ ಬಂದರೂ ಅನಾಹುತವಾಗಬಹುದೆಂಬ ಕಾರಣಕ್ಕೆ, ಕೀನ್ಯಾದಂತಹ ದೇಶಗಳಿಂದ ಬರುವವರ ಬಳಿ ಲಸಿಕೆಯ ಪ್ರಮಾಣಪತ್ರ (ಹಳದಿ ಕಾರ್ಡ್) ಇಲ್ಲದಿದ್ದರೆ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು ಅವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರ. 2016ರಿಂದ ಅದು ಜೀವನಪರ್ಯಂತ ನಡೆಯುತ್ತದೆ. ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಅದರಲ್ಲಿರುವುದು ಶಕ್ತಿಗುಂದಿಸಿದ ಜೀವಂತ ವೈರಾಣುವಾದ್ದರಿಂದ ಗರ್ಭಿಣಿಯರಿಗೆ ಸಾಮಾನ್ಯವಾಗಿ ಹಾಕುವುದಿಲ್ಲ. ಒಂಬತ್ತು ತಿಂಗಳು ತುಂಬದ ಶಿಶುಗಳಿಗೂ ಹಾಕುವುದಿಲ್ಲ. ಅಂತಹ ಶಿಶುವಿಗೆ ಹಾಲೂಡಿಸುತ್ತಿರುವ ತಾಯಂದಿರಿಗೂ ಬೇಡವೆನ್ನುತ್ತಾರೆ. ಈ ಕೊನೆಯ ಸಂಗತಿ ಮುಂದೆ ನಮ್ಮ ಲೆಕ್ಕಾಚಾರದಲ್ಲಿ ಮುಖ್ಯವಾಯಿತು.

ಆಗಸ್ಟ್ ಕೊನೆಯ ವಾರ ಲಸಿಕಾ ಕೇಂದ್ರದಲ್ಲಿ ಅರ್ಜಿ ತುಂಬಿಸುವಾಗ ನರ್ಸ್ ನನ್ನ ಕೊನೆಯ ಮುಟ್ಟಿನ ದಿನಾಂಕ ಕೇಳಿದರು, ನಾನು ಹೇಳಿದ ದಿನಾಂಕವನ್ನು ಕ್ಯಾಲೆಂಡರಿನೊಂದಿಗೆ ತಾಳೆ ನೋಡಿ, ಮೊದಲು ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಕಳುಹಿಸಿಬಿಟ್ಟರು. ವಯಸ್ಸು ನಲವತ್ತರ ಹತ್ತಿರ ಬಂದಿರುವಾಗ ಮುಟ್ಟು ಹಿಂದುಮುಂದಾಗುವುದು ಸಹಜವೆಂದು ನಾನು ಅದರ ಕಡೆ ಗಮನ ಕೊಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿತು. ಆ ನರ್ಸ್‌ಗೆ ಇಂದಿಗೂ ಕೃತಜ್ಞಳಾಗಿದ್ದೇನೆ. ಗರ್ಭಿಣಿಯೆಂದು ತಿಳಿಯದೆ ಈಗಾಗಲೇ ಈ ಲಸಿಕೆ ಹಾಕಿಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ಗಾಬರಿಯಾಗಬೇಡಿ. ಅಷ್ಟರಿಂದಲೇ ಗರ್ಭ ತೆಗೆಸಬೇಕೆಂದು ವೈದ್ಯಶಾಸ್ತ್ರ ಹೇಳುವುದಿಲ್ಲ. ನಿಮ್ಮ ವೈದ್ಯರಿಗೆ ವಿಷಯ ತಿಳಿಸಿದರೆ ಅವರು ಗಮನವಿಟ್ಟು ನೋಡಿಕೊಳ್ಳುತ್ತಾರೆ.

ಪ್ರಸೂತಿ ತಜ್ಞೆ ಸ್ಪಷ್ಟವಾಗಿ ಹೇಳಿದ್ದು ಇಷ್ಟು: ತೊಂದರೆಯಿಲ್ಲದ ಗರ್ಭಿಣಿಗೆ ವಿಮಾನದಲ್ಲಿ ಕುಳಿತು ಹೋಗುವುದು ಅಪಾಯವಲ್ಲ, ವಿಮಾನ ಕಂಪನಿಗಳೂ ಸಾಮಾನ್ಯವಾಗಿ ಏಳನೆಯ ತಿಂಗಳಿನವರೆಗೆ ವೈದ್ಯರ ಪತ್ರ ಕೇಳುವುದಿಲ್ಲ. ಆದರೆ ಹೋಗುವ ಜಾಗ ಸರಿಯಿಲ್ಲ. ನೈರೋಬಿ ನಗರದಲ್ಲಿ ಮಲೇರಿಯಾ ಕಡಿಮೆಯಾದರೂ ಮಾರಾದಲ್ಲಿ ಅದರ ಅಪಾಯವಿದೆ, ಗರ್ಭಿಣಿಯರಲ್ಲಿ ಮಲೇರಿಯಾ ಉಲ್ಬಣಿಸಿ ತಾಯಿಗೂ ಮಗುವಿಗೂ ಕುತ್ತಾಗಬಹುದು, ಪ್ರಯಾಣಿಕರಿಗೆ ಮುನ್ನೆಚ್ಚರಿಕೆಯಾಗಿ ಕೊಡುವ ಡಾಕ್ಸಿಸೈಕ್ಲಿನ್‌ನಂತಹ ಮಾತ್ರೆಗಳು ಗರ್ಭಿಣಿಯರಿಗೆ ತಕ್ಕವಲ್ಲ. ಅಲ್ಲಿ ರಕ್ತಸ್ರಾವವೇನಾದರೂ ಶುರುವಾದರೆ ದೊಡ್ಡ ಆಸ್ಪತ್ರೆ ಸೇರಲು ಐದಾರು ಗಂಟೆ ರಸ್ತೆಯಲ್ಲಿ ಬರಬೇಕು. ಹೋಗಬಾರದೆಂದು ನಾವು ತೀರ್ಮಾನಿಸಲು ಇದಕ್ಕಿಂತ ಹೆಚ್ಚು ಮಾತು ಬೇಕಾಗಿರಲಿಲ್ಲ.

ಅದೇ ಸಂಜೆ ನನ್ನ ಪತಿ ಏಜೆನ್ಸಿಗೆ ಫೋನ್ ಮಾಡಿದರು. ಹೊರಡಲು ಇನ್ನೂ ಐದಾರು ವಾರಗಳಿದ್ದವು. ಅವರ ಷರತ್ತಿನ ಪ್ರಕಾರ 45ರಿಂದ 30 ದಿನಗಳ ಮೊದಲು ರದ್ದುಪಡಿಸಿದರೆ ಅರ್ಧದಷ್ಟು, 30ರಿಂದ 15 ದಿನಗಳ ಮೊದಲಾದರೆ ಮುಕ್ಕಾಲು ಭಾಗ, ಅದಕ್ಕಿಂತ ತಡವಾದರೆ ಪೂರ್ತಿ ಹಣ ಕಳೆದಂತೆ. ಫೋನ್ ಎತ್ತಿಕೊಂಡ ವ್ಯವಸ್ಥಾಪಕರು ಮೊದಲು ಅಭಿನಂದನೆ ಹೇಳಿ, "ಸಾರ್, ಈಗಲೇ ಕ್ಯಾನ್ಸಲ್ ಮಾಡಬೇಡಿ, ಸುಮ್ಮನೆ ಅರ್ಧ ದುಡ್ಡು ಹೋಗುತ್ತೆ, ನಿಮ್ಮ ಫೈಲನ್ನು ನಾನು ಹೋಲ್ಡ್‌ನಲ್ಲಿ ಇಡುತ್ತೇನೆ, ನಿಮ್ಮ ಸೀಟಿಗೆ ಬೇರೆಯವರು ಸಿಕ್ಕರೆ ಪೂರ್ತಿ ವಾಪಸ್ ಕೊಡಿಸುತ್ತೇನೆ" ಎಂದರು. ಒಂದು ವಾರ ಬಿಟ್ಟು ಮತ್ತೆ ಕೇಳಿದಾಗಲೂ ಅದೇ ಮಾತು.

ನಮ್ಮಂತಹ ಮನೆಗಳಲ್ಲಿ ಇಂತಹ ಮಾತು ಸುಲಭವಾಗಿ ನಾಟುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಬಿಡಬಾರದೆಂಬುದು ನಮ್ಮ ಅತ್ತೆಯವರ ಕಟ್ಟುನಿಟ್ಟು, ಬಹುಪಾಲು ಮನೆಗಳ ಪದ್ಧತಿಯೂ ಹೌದು. ಗರ್ಭಪಾತಗಳಲ್ಲಿ ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಆಗುವುದರಿಂದ ಆ ಪದ್ಧತಿಯಲ್ಲಿ ವಿವೇಕವಿಲ್ಲವೆಂದು ನಾನು ಹೇಳಲಾರೆ. ಆದರೆ ಏಜೆನ್ಸಿಯ ರದ್ದತಿ ಗಡುವುಗಳೆಲ್ಲ ಸರಿಯಾಗಿ ಆ ಮೂರು ತಿಂಗಳ ಮೌನದೊಳಗೇ ಒಂದೊಂದಾಗಿ ದಾಟಿಹೋಗುತ್ತವೆ. ಬಂಧುಗಳಿಗೆ ಹೇಳದಿದ್ದರೆ ನಷ್ಟವಿಲ್ಲ. ಏಜೆನ್ಸಿಗೆ ಅದೇ ದಿನ ಇಮೇಲ್ ಕಳುಹಿಸಲೇಬೇಕು. ಆ ಇಮೇಲ್‌ನಲ್ಲಿ ಗರ್ಭಿಣಿಯೆಂದು ಬರೆಯುವ ಅಗತ್ಯವೂ ಇಲ್ಲ. "ವೈದ್ಯಕೀಯ ಕಾರಣದಿಂದ ಲಸಿಕೆ ಪಡೆಯಲು ಸಾಧ್ಯವಿಲ್ಲದ ಕಾರಣ ಇಂದಿನಿಂದಲೇ ನಮ್ಮ ಕಾಯ್ದಿರಿಸುವಿಕೆಯನ್ನು ರದ್ದುಪಡಿಸಿ, ಪ್ರತಿಯೊಂದು ಕಡಿತಕ್ಕೂ ರಸೀದಿ ಕೊಡಿ" ಎಂಬಷ್ಟು ಸಾಕು.

ಗಡುವು ದಾಟಿದ ಮೇಲೆ ವ್ಯವಸ್ಥಾಪಕರ ದನಿ ಬದಲಾಯಿತು. ಲಿಖಿತ ರದ್ದತಿ ಕೋರಿಕೆ ತಮಗೆ ತಲುಪಿಲ್ಲ, ಆದ್ದರಿಂದ ಮುಕ್ಕಾಲು ಭಾಗ ಕಡಿತವಾಗುತ್ತದೆ, ಟಿಕೆಟ್‌ಗಳು ಗುಂಪು ದರದವಾದ್ದರಿಂದ ಒಂದು ರೂಪಾಯಿಯೂ ಮರಳುವುದಿಲ್ಲ ಎಂದರು. ತಂದೆ ಮಗಳು ಇಬ್ಬರೇ ಹೋಗಲಿ ಎಂಬ ನಮ್ಮ ಸಲಹೆಗೆ, ಕೊಠಡಿಯ ಲೆಕ್ಕ ಬದಲಾಗುವುದೆಂದು ಇನ್ನಷ್ಟು ಹಣ ಕೇಳಿದರು. ಆಮೇಲೆ ಬಂದದ್ದು ನಿಜಕ್ಕೂ ಭಯ ಹುಟ್ಟಿಸುವ ಸಲಹೆ. "ಮೇಡಂ, ಲಸಿಕೆಯೇ ತೊಂದರೆಯಾದರೆ ಹಳದಿ ಕಾರ್ಡ್ ನಾವೇ ಮಾಡಿಸಿಕೊಡುತ್ತೇವೆ, ಚುಚ್ಚಿಸಿಕೊಳ್ಳಬೇಕಾಗಿಲ್ಲ, ನಮ್ಮ ಗ್ರಾಹಕರು ಎಷ್ಟೋ ಜನ ಹಾಗೇ ಹೋಗಿಬಂದಿದ್ದಾರೆ" ಎಂದು ಅವರ ಕಚೇರಿಯ ಹುಡುಗ ನನಗೇ ಫೋನ್ ಮಾಡಿ ಹೇಳಿದ.

ಇದನ್ನು ಯಾರೂ ಒಪ್ಪಬೇಡಿ. ಸುಳ್ಳು ಪ್ರಮಾಣಪತ್ರವನ್ನು ಅಸಲಿಯೆಂದು ತೋರಿಸುವುದು ಅಪರಾಧ, ಮತ್ತು ಸಿಕ್ಕಿಬೀಳುವವರು ವಿಮಾನ ನಿಲ್ದಾಣದಲ್ಲಿ ಕಾರ್ಡ್ ಹಿಡಿದು ನಿಂತವರೇ ಹೊರತು ಅದನ್ನು ಮಾಡಿಸಿಕೊಟ್ಟವರಲ್ಲ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಆ ಹಳದಿ ಕಾರ್ಡ್ ಸೊಳ್ಳೆ ಕಡಿತದಿಂದ ಕಾಪಾಡುವುದಿಲ್ಲ. ಹಳದಿ ಜ್ವರಕ್ಕೆ ನಿರ್ದಿಷ್ಟ ಔಷಧಿಯೇ ಇಲ್ಲ. ಗರ್ಭಿಣಿಯೊಬ್ಬಳನ್ನು ಲಸಿಕೆಯಿಲ್ಲದೆ ಅಲ್ಲಿಗೆ ಕಳುಹಿಸಲು ಸಿದ್ಧವಿರುವ ವ್ಯಾಪಾರಿಯ ಬೇರೆ ಯಾವ ಮಾತನ್ನು ನಂಬುವುದು?

ವಿಮೆಯ ಕಥೆ ಚಿಕ್ಕದು. ಪ್ಯಾಕೇಜಿನೊಡನೆ ಕೊಟ್ಟಿದ್ದ ಪ್ರಯಾಣ ವಿಮೆಯಲ್ಲಿ ಪ್ರವಾಸ ರದ್ದತಿಗೆ ಪರಿಹಾರವಿದೆಯೆಂದು ಏಜೆನ್ಸಿ ಜಾಹೀರಾತು ಮಾಡಿತ್ತು. ಪಾಲಿಸಿಯ ಪುಟಗಳನ್ನು ತಿರುವಿದರೆ ಗರ್ಭಧಾರಣೆ, ಹೆರಿಗೆ ಮತ್ತು ಅವುಗಳಿಂದ ಉಂಟಾಗುವ ಯಾವುದಕ್ಕೂ ಪರಿಹಾರವಿಲ್ಲ ಎಂಬ ಸಾಲು ಹೊರಗಿಟ್ಟ ಸಂಗತಿಗಳ ಪಟ್ಟಿಯಲ್ಲಿತ್ತು. ನಮ್ಮಲ್ಲಿ ಮಾರಾಟವಾಗುವ ಬಹುತೇಕ ಪ್ರಯಾಣ ವಿಮೆಗಳಲ್ಲಿ ಇಂತಹ ಸಾಲಿರುತ್ತದೆ. ಗರ್ಭ ಧರಿಸುವ ಸಾಧ್ಯತೆ ಕಿಂಚಿತ್ತಾದರೂ ಇರುವವರು ಕೊಳ್ಳುವ ಮೊದಲೇ ಆ ಪಟ್ಟಿಯನ್ನು ತರಿಸಿಕೊಂಡು ಓದಬೇಕು, ಗರ್ಭದ ತೊಡಕುಗಳಿಗೆ ಪರಿಹಾರ ಕೊಡುವ ಪಾಲಿಸಿ ಇದೆಯೇ ಎಂದು ವಿಚಾರಿಸಬೇಕು. ಹೊರಡುವ ಮೊದಲು ಪಾಲಿಸಿಯನ್ನೇ ರದ್ದುಪಡಿಸಿ ಅದರ ಕಂತು ವಾಪಸ್ ಕೇಳಬಹುದು. ನಾವು ಕೇಳಿದೆವು, ಸಣ್ಣ ಮೊತ್ತ ಹಿಡಿದು ಉಳಿದದ್ದನ್ನು ಕೊಟ್ಟರು.

ಟಿಕೆಟ್‌ಗಳ ವಿಷಯದಲ್ಲಿ ಮಾತ್ರ ಏಜೆನ್ಸಿಯ ಸುಳ್ಳು ಕಾಗದದ ಮೇಲೆಯೇ ಸಿಕ್ಕಿತು. ನಮ್ಮದು ಮುಂಬೈ ಮೂಲಕ ನೈರೋಬಿಗೆ ಹೋಗುವ ಭಾರತೀಯ ವಿಮಾನಯಾನ ಸಂಸ್ಥೆಯೊಂದರ ಟಿಕೆಟ್. ಪದೇ ಪದೇ ಕೇಳಿದ ಮೇಲೆ ಕಳುಹಿಸಿದ ಇ-ಟಿಕೆಟ್‌ನಲ್ಲಿ ವಿತರಣೆಯ ದಿನಾಂಕ ಮುದ್ರಿತವಾಗಿತ್ತು, ಮತ್ತು ಅದು ನನ್ನ ಪತಿ ಮೊದಲ ಸಲ ಫೋನ್ ಮಾಡಿದ ದಿನಕ್ಕಿಂತ ಬಹಳ ನಂತರದ್ದು! ಗುಂಪು ಪ್ರವಾಸಗಳಲ್ಲಿ ಮೊದಲು ಸೀಟುಗಳನ್ನಷ್ಟೇ ಹಿಡಿದಿಟ್ಟು, ಪ್ರಯಾಣಿಕರ ಹೆಸರುಗಳನ್ನು ಹೊರಡುವ ದಿನ ಹತ್ತಿರವಾದಾಗ ಕೊಡುವ ರೂಢಿಯಿದೆ. ಅಂದರೆ ನಾವು ಬರುವುದಿಲ್ಲವೆಂದು ಹೇಳಿದಾಗ ನಮ್ಮ ಹೆಸರಿನಲ್ಲಿ ಟಿಕೆಟ್ಟೇ ಇರಲಿಲ್ಲ. ಗೊತ್ತಿದ್ದೂ ನಮ್ಮ ಹೆಸರಿಗೇ ಮಾಡಿಸಿ, ಆಮೇಲೆ ಅದು ಹಿಂದಿರುಗದ ಹಣವೆಂದರು. ಹಣ ಕಟ್ಟಿದವರೆಲ್ಲರೂ ಪಿಎನ್‌ಆರ್ ಸಂಖ್ಯೆಯನ್ನೂ ಇ-ಟಿಕೆಟ್ಟಿನ ಪ್ರತಿಯನ್ನೂ ಕೇಳಿ ಪಡೆಯಿರಿ. ಇನ್ನೊಂದು ಸಂಗತಿ: ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಮೂಲ ದರ ಹಿಂದಿರುಗದ ಟಿಕೆಟ್ಟಾದರೂ ಪ್ರಯಾಣ ಮಾಡದಿದ್ದರೆ ಶಾಸನಬದ್ಧ ತೆರಿಗೆಗಳನ್ನೂ ವಿಮಾನ ನಿಲ್ದಾಣದ ಶುಲ್ಕಗಳನ್ನೂ ವಿಮಾನ ಕಂಪನಿ ಹಿಂದಿರುಗಿಸಬೇಕು, ಟಿಕೆಟ್ ಏಜೆಂಟರ ಮೂಲಕ ಕೊಂಡಿದ್ದರೂ ಆ ಹೊಣೆ ಕಂಪನಿಯದೇ. ಈ ನಿಯಮ ತೋರಿಸಿ ವಿಮಾನ ಕಂಪನಿಗೆ ನೇರವಾಗಿ ಬರೆದ ಮೇಲೆ ಆ ಹಣ ಬಂದಿತು. ಕೀನ್ಯಾದ ಇಟಿಎ (ಆನ್‌ಲೈನ್ ಪ್ರವೇಶಾನುಮತಿ) ಶುಲ್ಕ ಮರಳುವುದಿಲ್ಲ, ಅದನ್ನು ಬಿಟ್ಟುಬಿಡಬೇಕು. ವಿದೇಶ ಪ್ಯಾಕೇಜಿನ ಮೇಲೆ ಏಜೆನ್ಸಿ ವಸೂಲು ಮಾಡುವ ಟಿಸಿಎಸ್ (ಮಾರಾಟದ ಹೊತ್ತಿನಲ್ಲೇ ಹಿಡಿಯುವ ಆದಾಯ ತೆರಿಗೆ) ನಿಮ್ಮ ಪ್ಯಾನ್ ಹೆಸರಿನ ತೆರಿಗೆ ವಿವರಪಟ್ಟಿಯಲ್ಲಿ ಕಾಣಿಸಬೇಕು; ಅದನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಪಡೆಯಬಹುದು. ಏಜೆನ್ಸಿಯ ಕಡಿತದ ಲೆಕ್ಕದಲ್ಲಿ ಇದನ್ನೂ ಸೇರಿಸಿದ್ದರು ಎಂಬುದನ್ನು ಕಂಡುಹಿಡಿದದ್ದು ನಮ್ಮ ಲೆಕ್ಕಪರಿಶೋಧಕರು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಬಳಿಕ ಏಜೆನ್ಸಿ ಸ್ವಲ್ಪ ಬಗ್ಗಿತು. ಕನ್ನಡದಲ್ಲೂ ದೂರು ಹೇಳಿಕೊಳ್ಳಬಹುದು. ಉಳಿದ ಹಣಕ್ಕೆ ಒಂದು ವರ್ಷ ಊರ್ಜಿತವಾಗಿರುವ ಕ್ರೆಡಿಟ್ ನೋಟ್ (ಹಣದ ಬದಲು ಮುಂದಿನ ಪ್ರವಾಸಕ್ಕೆ ಬಳಸುವ ಪತ್ರ) ಕೊಡುವುದಾಗಿಯೂ ಅದನ್ನು ಇದೇ ಕೀನ್ಯಾ ಪ್ರವಾಸಕ್ಕೆ ಬಳಸಬೇಕೆಂದೂ ಬರೆದರು. ಕೇಳಲು ಉದಾರವಾಗಿದೆ. ನನ್ನ ಹೆರಿಗೆ ಏಪ್ರಿಲ್ ಕೊನೆಗೆ. ಮಗುವಿಗೆ ಒಂಬತ್ತು ತಿಂಗಳು ತುಂಬುವುದು ಅದರ ಮುಂದಿನ ಜನವರಿಗೆ. ಅಲ್ಲಿಯವರೆಗೆ ಮಗುವಿಗೂ ಹಾಲೂಡಿಸುವ ನನಗೂ ಲಸಿಕೆಯಿಲ್ಲ. ಕ್ರೆಡಿಟ್ ನೋಟ್ ಸೆಪ್ಟೆಂಬರಿಗೇ ಮುಗಿಯುತ್ತದೆ. ನನಗೆ ಬಳಸಲು ಸಾಧ್ಯವೇ ಇಲ್ಲದ ಕಾಗದವನ್ನು ಕೊಟ್ಟು, ಅದರ ಬದಲಿಗೆ ಇನ್ನಾವ ತಕರಾರೂ ಇಲ್ಲವೆಂದು ಸಹಿ ಕೇಳಿದ್ದರು. ಗರ್ಭಿಣಿಯರಿಗೆ ಕ್ರೆಡಿಟ್ ನೋಟ್ ತೋರಿಸಿದರೆ ಹೆರಿಗೆಯ ದಿನಾಂಕವಿಟ್ಟುಕೊಂಡು ಹೀಗೆ ತಿಂಗಳು ಎಣಿಸಿ ನೋಡಿ. ಸ್ಥಳ ಬದಲಿಸಲು, ಬೇರೆಯವರಿಗೆ ವರ್ಗಾಯಿಸಲು ಅವಕಾಶವಿದೆಯೇ ಎಂದು ಕೇಳಿ.

ನಾವು ಸಹಿ ಹಾಕಲಿಲ್ಲ. ಫೋನ್ ಕರೆಗಳ ದಾಖಲೆ, ಇ-ಟಿಕೆಟ್ಟಿನ ವಿತರಣೆಯ ದಿನಾಂಕ, ಲಸಿಕೆ ಕೊಡಲಾಗದೆಂದು ವೈದ್ಯೆ ಬರೆದುಕೊಟ್ಟ ಪತ್ರ ಇವುಗಳನ್ನು ಸೇರಿಸಿ ಇ-ಜಾಗೃತಿ ಜಾಲತಾಣದ ಮೂಲಕ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಿದ್ದೇವೆ. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು, ಏಜೆನ್ಸಿ ಬೇರೆ ಊರಿನದ್ದಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷಗಳ ಕಾಲಾವಕಾಶವೂ ಇದೆ. ಬಾಣಂತನ ಮುಗಿಸಿಕೊಂಡು ದೂರು ಕೊಡುವವರಿಗೂ ಅಷ್ಟು ಸಮಯ ಸಾಲುತ್ತದೆ. ವೈದ್ಯರ ಪತ್ರವನ್ನು ಮಾತ್ರ ಆಗಲೇ ಬರೆಸಿಕೊಳ್ಳಿ, ಮತ್ತು ಅದರಲ್ಲಿ "ವಿಶ್ರಾಂತಿ ಬೇಕು" ಎಂಬ ಒಂದು ಸಾಲಿನ ಬದಲು ಕೊನೆಯ ಮುಟ್ಟಿನ ದಿನಾಂಕ, ಅಂದಿಗೆ ಎಷ್ಟು ವಾರಗಳ ಗರ್ಭ, ಯಾವ ಲಸಿಕೆ ಕೊಡುವಂತಿಲ್ಲ, ಯಾವ ದೇಶಕ್ಕೆ ಹೋಗಬಾರದು ಎಂಬುದೆಲ್ಲ ಇರಲಿ.