ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಓದಿದ ಮೂರು ಪುಸ್ತಕ

ಮೊದಲೇ ಹೇಳಿಬಿಡುತ್ತೇನೆ. ಈ ಮೂರರಲ್ಲಿ ಒಂದನ್ನೇ ಕೊಳ್ಳುವುದಾದರೆ ಪ್ಯಾಟ್ರಿಕ್ ನೆಸ್ ಬರೆದ 'ಎ ಮಾನ್‌ಸ್ಟರ್ ಕಾಲ್ಸ್' ಕೊಳ್ಳಿ. ಉಳಿದ ಎರಡನ್ನು ಲೈಬ್ರರಿಯಿಂದಲೋ ಗೆಳೆಯರಿಂದಲೋ ತಂದು ಓದಿ ವಾಪಸ್ ಕೊಟ್ಟರೂ ನಡೆಯುತ್ತದೆ. ಇದು ಮಾತ್ರ ಮನೆಯಲ್ಲಿರಲಿ.

ನಾನು ಸಾಹಿತ್ಯ ಓದಿದವನಲ್ಲ, ಬಿ.ಫಾರ್ಮಾ ಓದಿದವನು. ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇದೆ. ಮಧ್ಯಾಹ್ನ ಊಟದ ಹೊತ್ತಾದ ಮೇಲೆ ಗಿರಾಕಿ ಕಡಿಮೆ, ಆಗ ಕೌಂಟರಿನ ಹಿಂದೆ ಕೂತು ಓದುತ್ತೇನೆ. ಮಗಳು ಹತ್ತನೇ ಕ್ಲಾಸು. ಅವಳ ಗೆಳತಿಯರ ನಡುವೆ ಓಡಾಡುವ ಇಂಗ್ಲಿಷ್ ಕಾದಂಬರಿಗಳಲ್ಲಿ ಅರ್ಧಕ್ಕರ್ಧ ಯಾರೋ ಒಬ್ಬರಿಗೆ ದೊಡ್ಡ ಕಾಯಿಲೆ, ಇಲ್ಲವೇ ಯಾರೋ ಸಾಯುತ್ತಾರೆ. "ಈ ವಯಸ್ಸಲ್ಲಿ ಇದನ್ನೆಲ್ಲ ಯಾಕೆ ಓದ್ತೀರಿ?" ಅಂತ ನನ್ನ ಹೆಂಡತಿ ಕೇಳಿದರೆ ಮಗಳು ಉತ್ತರ ಕೊಡಲಿಲ್ಲ. ಮಾರನೇ ದಿನ ನನ್ನ ಊಟದ ಬ್ಯಾಗಿನಲ್ಲಿ ಡಬ್ಬಿಯ ಪಕ್ಕ ಒಂದು ಪುಸ್ತಕ ಇತ್ತು.

ಓದುವಾಗ ನನ್ನ ಹತ್ತಿರ ಒಂದು ಅಳತೆಗೋಲು ಇತ್ತು. ಅಂಗಡಿಗೆ ಬರುವವರಲ್ಲಿ ರೋಗಿಗಳಿಗಿಂತ ರೋಗಿಯ ಮನೆಯವರೇ ಜಾಸ್ತಿ. ಅವರಲ್ಲಿ ಮಕ್ಕಳೂ ಇರುತ್ತಾರೆ. ಒಬ್ಬ ಹುಡುಗ ಬರುತ್ತಿದ್ದ, ಎಂಟನೆಯದೋ ಒಂಬತ್ತನೆಯದೋ ಇರಬೇಕು. ಡಾಕ್ಟರ ಚೀಟಿ ಕಂಪಾಸ್ ಬಾಕ್ಸಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿರುತ್ತಿದ್ದ. ಚೀಟಿ ಬಿಚ್ಚುವ ಮೊದಲೇ "ಅಂಕಲ್, ಆಂಡಾನ್‌ಸೆಟ್ರಾನ್ ನಾಲ್ಕಲ್ಲ, ಎಂಟು ಎಂ.ಜಿ." ಅನ್ನುತ್ತಿದ್ದ. ಕೀಮೋ ಆದವರಿಗೆ ವಾಂತಿ ನಿಲ್ಲಲು ಕೊಡುವ ಮಾತ್ರೆ ಅದು. ಅಮ್ಮ ಹೇಗಿದ್ದಾರೆ ಅಂದರೆ "ಪರವಾಗಿಲ್ಲ" ಅಂತಿದ್ದ, ಚಿಲ್ಲರೆ ಎಣಿಸುತ್ತಾ, ಮುಖ ಎತ್ತದೆ. ಆ "ಪರವಾಗಿಲ್ಲ"ದ ಕೆಳಗೆ ಏನಿದೆ ಅನ್ನುವುದು ಪುಸ್ತಕ ಬರೆದವರಿಗೆ ಗೊತ್ತಾ? ನನಗೆ ಬೇಕಾಗಿದ್ದದ್ದು ಇಷ್ಟೇ.

ನೆಸ್‌ಗೆ ಗೊತ್ತು. ಅವನ ಕಾನರ್ ಹದಿಮೂರು ವರ್ಷದ ಇಂಗ್ಲಿಷ್ ಹುಡುಗ. ಅಮ್ಮನಿಗೆ ಚಿಕಿತ್ಸೆ ನಡೀತಿದೆ. ಅಪ್ಪ ಅಮೆರಿಕಾದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ಒಂದು ರಾತ್ರಿ 12:07ಕ್ಕೆ ಮನೆಯ ಹಿಂದಿನ ಚರ್ಚಿನ ಅಂಗಳದಲ್ಲಿರುವ ಯೂ ಎಂಬ ಜಾತಿಯ ಮರ ಎದ್ದು ನಡೆದು ಅವನ ಕಿಟಕಿಗೆ ಬರುತ್ತದೆ. ಹುಡುಗ ಹೆದರುವುದಿಲ್ಲ. ಇದಕ್ಕಿಂತ ಕೆಟ್ಟದ್ದನ್ನು ದಿನಾ ಕನಸಿನಲ್ಲಿ ನೋಡುತ್ತಿರುತ್ತಾನೆ. ಮರ ಒಂದು ಕರಾರು ಹಾಕುತ್ತದೆ. ನಾನು ಮೂರು ಕಥೆ ಹೇಳುತ್ತೇನೆ, ನಾಲ್ಕನೆಯದನ್ನು ನೀನು ಹೇಳಬೇಕು, ಅದು ನಿಜವಾಗಿರಬೇಕು.

ಈ ಮರದ ಭೂತ ಬಂದ ರಾತ್ರಿಗಿಂತ ನನಗೆ ಹಿಡಿಸಿದ್ದು ಮಾರನೇ ಬೆಳಗ್ಗೆ. ಕೋಣೆಯ ನೆಲದ ತುಂಬಾ ಯೂ ಮರದ ಸೂಜಿ ಎಲೆಗಳು. ಹುಡುಗ ಅವನ್ನು ಗುಡಿಸಿ ಕಸದ ಚೀಲಕ್ಕೆ ತುಂಬುತ್ತಾನೆ. ಆಮೇಲೆ ತಿಂಡಿ ತಾನೇ ಮಾಡಿಕೊಳ್ಳುತ್ತಾನೆ. ಬಟ್ಟೆ ಮಷೀನಿಗೆ ಹಾಕುತ್ತಾನೆ. ಅಮ್ಮ ಇನ್ನೂ ಎದ್ದಿಲ್ಲ. ನೆಸ್ ಇದನ್ನು "ಪಾಪ, ಎಷ್ಟು ಒಳ್ಳೆ ಹುಡುಗ" ಅನ್ನುವ ಹಾಗೆ ಬರೆದಿಲ್ಲ. ಇವೆಲ್ಲ ಅವನ ದಿನದ ಕೆಲಸ, ಅಷ್ಟೇ. ಭೂತದ ಕಸ ಗುಡಿಸುವುದೂ ಅದರಲ್ಲಿ ಒಂದು.

ಇಲ್ಲಿಂದ ಮುಂದೆ ಕಥೆಯ ಗುಟ್ಟು ಬಿಟ್ಟುಕೊಡುತ್ತೇನೆ. ಬೇಡದವರು ಎರಡು ಪ್ಯಾರಾ ಹಾರಿಸಿ.

ಎರಡನೇ ಕಥೆ ಕೇಳುವಾಗ ಕಾನರ್ ಭೂತದ ಜೊತೆ ಸೇರಿ ಒಬ್ಬ ಪಾದ್ರಿಯ ಮನೆ ಒಡೆಯುತ್ತಾನೆ. ಕಥೆಯೊಳಗಿನ ಮನೆ ತಾನೇ ಅಂತ ಮನಸಾರೆ ಒಡೆಯುತ್ತಾನೆ. ಕಣ್ಣು ಬಿಟ್ಟರೆ ಅದು ಅಜ್ಜಿಯ ಹಾಲ್. ಅಜ್ಜಿಯ ಹಳೇ ಗಡಿಯಾರ, ಸೋಫಾ, ಎಲ್ಲಾ ಚೂರುಚೂರು. ಈ ಅಜ್ಜಿ ನಾವಂದುಕೊಳ್ಳುವಂಥ ಅಜ್ಜಿ ಅಲ್ಲ. ಸೂಟು ಹಾಕುತ್ತಾಳೆ, ಕೂದಲಿಗೆ ಬಣ್ಣ ಹಚ್ಚುತ್ತಾಳೆ, ಮನೆ ಮಾರಿಸುವ ಕೆಲಸ ಮಾಡುತ್ತಾಳೆ, ಮೊಮ್ಮಗನಿಗೂ ಅವಳಿಗೂ ಆಗಿಬರುವುದಿಲ್ಲ. ಅವಳು ಬರುತ್ತಾಳೆ. ನೋಡುತ್ತಾಳೆ. ಈಗ ಕಪಾಳಕ್ಕೆ ಬೀಳುತ್ತದೆ ಅಂದುಕೊಂಡೆ. ಅವಳು ಒಡೆಯದೆ ಉಳಿದಿದ್ದ ಒಂದೇ ಒಂದು ಶೋಕೇಸ್ ಹತ್ತಿರ ಹೋಗಿ ಅದನ್ನು ತಾನೇ ಎಳೆದು ಬೀಳಿಸುತ್ತಾಳೆ. ನನಗೆ ಆಗ ಹೊಳೆಯಿತು: ಸಾಯುತ್ತಿರುವವಳು ಈ ಹುಡುಗನ ಅಮ್ಮ ಮಾತ್ರ ಅಲ್ಲ, ಈ ಹೆಂಗಸಿನ ಮಗಳೂ ಹೌದು. ಅಲ್ಲಿಯವರೆಗೆ ಆ ಲೆಕ್ಕ ನನ್ನ ತಲೆಯಲ್ಲೇ ಇರಲಿಲ್ಲ. ಕಾನರ್ ಕಣ್ಣಿನಲ್ಲೇ ನೋಡುತ್ತಿದ್ದೆ ಅಲ್ವಾ, ಅದಕ್ಕೆ. ಈ ಒಂದು ಪುಟಕ್ಕೇ ಪುಸ್ತಕದ ದುಡ್ಡು ವಸೂಲು.

ಆಮೇಲೆ ಅವನನ್ನು ಯಾರೂ ಬೈಯುವುದಿಲ್ಲ. ಶಾಲೆಯಲ್ಲಿ ಒಬ್ಬ ಹುಡುಗನನ್ನು ಆಸ್ಪತ್ರೆ ಸೇರುವಷ್ಟು ಹೊಡೆದಾಗಲೂ ಶಿಕ್ಷೆ ಇಲ್ಲ. ಶಿಕ್ಷೆ ಕೊಟ್ಟು ಏನು ಪ್ರಯೋಜನ ಅಂತ ಅಪ್ಪನೂ ಅಂತಾನೆ, ಹೆಡ್ ಮಿಸ್ ಕೂಡ ಅಂತಾರೆ. ಹುಡುಗನಿಗೆ ಬೇಕಾಗಿದ್ದದ್ದು ಶಿಕ್ಷೆಯೇ. ಯಾಕೆ ಅನ್ನುವುದು ಕೊನೆಗೆ ಗೊತ್ತಾಗುತ್ತದೆ. ನಾಲ್ಕನೇ ಕಥೆ ಅವನ ಕೆಟ್ಟ ಕನಸು. ಅಮ್ಮ ಪ್ರಪಾತಕ್ಕೆ ಜಾರುತ್ತಿರುತ್ತಾಳೆ, ಇವನು ಕೈ ಹಿಡಿದಿರುತ್ತಾನೆ, ಇವನೇ ಬಿಟ್ಟುಬಿಡುತ್ತಾನೆ. ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದಿತ್ತು, ಆದರೂ ಬಿಟ್ಟ. ಇದೆಲ್ಲ ಒಮ್ಮೆ ಮುಗಿದರೆ ಸಾಕು ಅನ್ನಿಸಿತ್ತು ಅವನಿಗೆ. ಅಮ್ಮ ಉಳಿಯಬೇಕು ಅನ್ನುವುದೂ ನಿಜ, ಮುಗಿದರೆ ಸಾಕು ಅನ್ನುವುದೂ ನಿಜ. ನಮ್ಮ ಕಡೆ ದೊಡ್ಡವರು ಹಾಸಿಗೆ ಹಿಡಿದವರ ಬಗ್ಗೆ "ದೇವರು ಬೇಗ ಕರೆದುಕೊಳ್ಳಲಿ" ಅಂತ ಜಗಲಿಯಲ್ಲಿ ಕೂತು ಸಲೀಸಾಗಿ ಹೇಳುತ್ತಾರೆ. ಅದೇ ಮಾತು ಹದಿಮೂರು ವರ್ಷದವನ ಬಾಯಲ್ಲಿ ಬಂದರೆ? ಬರಲು ಬಿಡುವುದಿಲ್ಲ. ಅದಕ್ಕೇ ಅವನು "ಪರವಾಗಿಲ್ಲ" ಅನ್ನುತ್ತಾನೆ.

ಔಷಧಿ ಮಾರುವವನಾಗಿ ಒಂದು ಮಾತು. ಕಥೆಯಲ್ಲಿ ಅಮ್ಮನಿಗೆ ಕೊನೆಯ ಪ್ರಯತ್ನವಾಗಿ ಕೊಡುವ ಔಷಧಿ ಯೂ ಮರದಿಂದ ಬಂದದ್ದು. ಇದು ಲೇಖಕನ ಕಲ್ಪನೆ ಅಂದುಕೊಳ್ಳಬೇಡಿ. ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಅನ್ನುವ ಕ್ಯಾನ್ಸರ್ ಔಷಧಿಗಳೆರಡೂ ಈ ಜಾತಿಯ ಮರದ ಮನೆಯವೇ. ಮೊದಲನೆಯದು ಅಮೆರಿಕಾದ ಪೆಸಿಫಿಕ್ ಯೂ ತೊಗಟೆಯಲ್ಲಿ ಸಿಕ್ಕಿತು. ಅದನ್ನು ಬೇರ್ಪಡಿಸಿ, ರಚನೆ ಇಂಥದ್ದು ಅಂತ 1971ರಲ್ಲಿ ಪ್ರಕಟಿಸಿದ ತಂಡದಲ್ಲಿ ಮನ್ರೋ ವಾಲ್ ಜೊತೆ ಇದ್ದವರು ಮಹಾರಾಷ್ಟ್ರದ ನಂದೂರ್‌ಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾಣಿ. ತೊಗಟೆ ಸುಲಿದರೆ ಮರ ಸಾಯುತ್ತದೆ, ಹಾಗಾಗಿ ಆಮೇಲೆ ಯುರೋಪಿನ ಯೂ ಎಲೆಯಿಂದ ಸಿಗುವ ವಸ್ತುವನ್ನು ಹಿಡಿದು ಲ್ಯಾಬಿನಲ್ಲಿ ಮಾಡುವ ದಾರಿ ಕಂಡುಕೊಂಡರು. ಕಾನರ್ ಮನೆಯ ಹಿಂದೆ ಇರುವುದು ಇದೇ ಯುರೋಪಿನ ಯೂ. ಎಲೆ, ಬೀಜ ಎರಡೂ ವಿಷ. ಆ ವಿಷದ ಮರವೇ ಔಷಧಿ, ಅದೇ ಭೂತ. ಹುಡುಗ ಭೂತವನ್ನು ಕೇಳುತ್ತಾನೆ, ನೀನು ಬಂದಿದ್ದು ಅಮ್ಮನನ್ನು ಉಳಿಸಲಿಕ್ಕಾ ಅಂತ. ಉತ್ತರ ನಾನು ಹೇಳುವುದಿಲ್ಲ.

ಪುಸ್ತಕದ ಹುಟ್ಟಿನ ಕಥೆಯೂ ಇದಕ್ಕೆ ಸೇರಿದ್ದೇ. ಈ ಕಥೆಯ ಬೀಜ ಶಿವಾನ್ ಡೌಡ್ ಎಂಬ ಲೇಖಕಿಯದು. ಪಾತ್ರಗಳು, ಶುರುವಾತು ಅವರ ಹತ್ತಿರ ಇದ್ದವು. 2007ರಲ್ಲಿ ಸ್ತನ ಕ್ಯಾನ್ಸರಿನಿಂದ ಅವರು 47ನೇ ವಯಸ್ಸಿಗೆ ತೀರಿಕೊಂಡರು. ಪ್ರಕಾಶಕರು ಅದನ್ನು ನೆಸ್ ಕೈಗೆ ಕೊಟ್ಟರು. ನೆಸ್ ಅವರನ್ನು ಒಮ್ಮೆಯೂ ಭೇಟಿ ಮಾಡಿದವನಲ್ಲ. ಅವರ ದನಿಯನ್ನು ಅನುಕರಿಸಲು ಹೋಗದೆ ತನ್ನ ರೀತಿಯಲ್ಲೇ ಬರೆದ. 2011ರಲ್ಲಿ ಪುಸ್ತಕ ಬಂತು, 2012ರಲ್ಲಿ ಬ್ರಿಟನ್ನಿನ ಮಕ್ಕಳ ಪುಸ್ತಕ ಪ್ರಶಸ್ತಿಗಳಾದ, ಬರವಣಿಗೆಗೆ ಕೊಡುವ ಕಾರ್ನೆಗಿ ಪದಕ, ಜಿಮ್ ಕೇ ಬರೆದ ಚಿತ್ರಗಳಿಗೆ ಗ್ರೀನ್‌ಅವೇ ಪದಕ, ಎರಡೂ ಒಂದೇ ಪುಸ್ತಕಕ್ಕೆ.

ಈಗ ಮಗಳ ಗುಂಪಿನ ಅಚ್ಚುಮೆಚ್ಚಿನ ಪುಸ್ತಕಕ್ಕೆ ಬರೋಣ. ಜಾನ್ ಗ್ರೀನ್‌ನ 'ದ ಫಾಲ್ಟ್ ಇನ್ ಅವರ್ ಸ್ಟಾರ್ಸ್', 2012. ಹಿಂದಿಯ 'ದಿಲ್ ಬೇಚಾರಾ' ನೋಡಿದವರಿಗೆ ಕಥೆ ಗೊತ್ತಿರುತ್ತದೆ. ಸುಶಾಂತ್ ಸಿಂಗ್ ರಾಜಪೂತ್ ತೀರಿಕೊಂಡ ಮೇಲೆ ಬಿಡುಗಡೆಯಾದ ಸಿನಿಮಾ ಅದು. ಮೂಲದಲ್ಲಿ ಊರು ಇಂಡಿಯಾನಾಪೊಲಿಸ್. ಹೇಜಲ್‌ಗೆ ಥೈರಾಯ್ಡಿನಿಂದ ಶ್ವಾಸಕೋಶಕ್ಕೆ ಹರಡಿದ ಕ್ಯಾನ್ಸರ್. ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡು ಓಡಾಡುತ್ತಾಳೆ. ಆಗಸ್ಟಸ್‌ಗೆ ಮೂಳೆ ಕ್ಯಾನ್ಸರಿನಲ್ಲಿ ಒಂದು ಕಾಲು ಹೋಗಿದೆ. ಇಬ್ಬರೂ ಪ್ರೀತಿಸುತ್ತಾರೆ, ಮೆಚ್ಚಿದ ಲೇಖಕನನ್ನು ಹುಡುಕಿ ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತಾರೆ.

ನನ್ನ ತಕರಾರು ಒಂದೇ. ಈ ಮಕ್ಕಳು ಜಾಸ್ತಿ ಜಾಣರು. ಬಾಯಿ ತೆರೆದರೆ ಡೈಲಾಗ್. ಹಚ್ಚದ ಸಿಗರೇಟು ಬಾಯಲ್ಲಿಟ್ಟುಕೊಂಡು ಅದರ ಅರ್ಥ ವಿವರಿಸುವ ಹುಡುಗನನ್ನು ಕಂಡರೆ ನನಗೆ ಸುಮ್ನೆ ಸಿಟ್ಟು ಬರುತ್ತದೆ. ಮಗಳು ಇದಕ್ಕೆ "ಅಪ್ಪಾ, ಅವನು ಶೋ ಮಾಡ್ತಿದಾನೆ ಅಂತ ಪುಸ್ತಕಕ್ಕೂ ಗೊತ್ತು" ಅಂದಳು. ಇರಬಹುದು. ಯಾಕೆಂದರೆ ಕೊನೆಯ ಹತ್ತಿರ ಆ ಶೋ ಒಡೆಯುತ್ತದೆ. ರಾತ್ರಿ ಹೊತ್ತು ಅದೇ ಸಿಗರೇಟು ಪ್ಯಾಕ್ ತಾನೇ ಕೊಳ್ಳಬೇಕು ಅಂತ ಕಾರು ತೆಗೆದುಕೊಂಡು ಪೆಟ್ರೋಲ್ ಬಂಕಿಗೆ ಹೋಗುತ್ತಾನೆ. ಹೊಟ್ಟೆಗೆ ಹಾಕಿದ ಟ್ಯೂಬಿನ ಜಾಗದಲ್ಲಿ ಸೋಂಕು, ಮೈಯೆಲ್ಲ ವಾಂತಿ, ಆಂಬುಲೆನ್ಸ್ ಕರೀಬೇಡ ಅಂತ ಹುಡುಗಿಯ ಹತ್ತಿರ ಅಂಗಲಾಚುತ್ತಾನೆ. ಅಲ್ಲಿ ಒಂದೂ ಜಾಣಮಾತಿಲ್ಲ. ಅಂಥ ವಾಸನೆ, ಅಂಥ ಅವಮಾನ ಹೇಗಿರುತ್ತದೆ ಅಂತ ನೋಡಿದವನೇ ಬರೆಯಬೇಕು. ಗ್ರೀನ್ ಬರಹಗಾರನಾಗುವ ಮೊದಲು ಮಕ್ಕಳ ಆಸ್ಪತ್ರೆಯೊಂದರಲ್ಲಿ ವಿದ್ಯಾರ್ಥಿ ಪಾದ್ರಿಯಾಗಿ ಕೆಲಸ ಮಾಡಿದ್ದ.

ಇನ್ನೊಂದು ಮೆಚ್ಚಿದ್ದು ತಂದೆತಾಯಿಯ ವಿಷಯ. ಐಸಿಯುನಲ್ಲಿದ್ದಾಗ, ಮಗಳಿಗೆ ಕೇಳಿಸುವುದಿಲ್ಲ ಅಂದುಕೊಂಡು ತಾಯಿ ಒಂದು ಮಾತು ಆಡಿರುತ್ತಾಳೆ, ಇನ್ನು ಮೇಲೆ ತಾನು ಅಮ್ಮನಾಗಿ ಉಳಿಯುವುದಿಲ್ಲ ಅಂತ. ಹೇಜಲ್‌ಗೆ ಸಾವಿಗಿಂತ ಆ ಮಾತಿನ ಭಯ ಜಾಸ್ತಿ. ಅಮ್ಮ ಗುಟ್ಟಾಗಿ ಸೋಶಿಯಲ್ ವರ್ಕ್ ಓದುತ್ತಿದ್ದಾಳೆ, ತಾನಿಲ್ಲದಾಗಲೂ ಅವಳಿಗೆ ಮಾಡಲು ಕೆಲಸ ಇರುತ್ತದೆ ಅಂತ ಗೊತ್ತಾದಾಗ ಹುಡುಗಿ ಖುಷಿಪಡುತ್ತಾಳೆ. ಪ್ರೇಮದ ಅಧ್ಯಾಯಗಳೆಲ್ಲ ಸೇರಿದರೂ ಈ ಖುಷಿಗೆ ಸಮ ಅಲ್ಲ. ಮೆಡಿಕಲ್ ಶಾಪಿನವನ ಟಿಪ್ಪಣಿ: ಹೇಜಲ್‌ಳನ್ನು ಬದುಕಿಸಿಟ್ಟಿರುವ ಫಲಾಂಕ್ಸಿಫಾರ್ ಅನ್ನುವ ಔಷಧಿ ಎಲ್ಲೂ ಇಲ್ಲ, ಗ್ರೀನ್ ಅದನ್ನು ಪುಸ್ತಕದ ಕೊನೆಯಲ್ಲಿ ತಾನೇ ಹೇಳಿದ್ದಾನೆ. ಯಾರೂ ನನ್ನ ಹತ್ತಿರ ಬಂದು ಕೇಳಬೇಡಿ.

ಮೂರನೆಯದು ಹಳೆಯದು. ಕ್ಯಾಥರೀನ್ ಪ್ಯಾಟರ್ಸನ್‌ರ 'ಬ್ರಿಡ್ಜ್ ಟು ಟೆರಬಿಥಿಯಾ', 1977. ಇಲ್ಲಿ ಕಾಯಿಲೆ ಇಲ್ಲ. ಜೆಸ್ ಅನ್ನುವ ಹಳ್ಳಿ ಹುಡುಗ, ಪಕ್ಕದ ಮನೆಗೆ ಬಂದ ಲೆಸ್ಲಿ ಅನ್ನುವ ಹುಡುಗಿ, ಹಳ್ಳದಾಚೆ ಅವರದೇ ಒಂದು ರಾಜ್ಯ. ಮಳೆಗೆ ಹಳ್ಳ ತುಂಬಿದ ದಿನ, ಅದನ್ನು ದಾಟಲು ಜೋತುಬೀಳುತ್ತಿದ್ದ ಹಗ್ಗ ಹರಿದು ಲೆಸ್ಲಿ ಸಾಯುತ್ತಾಳೆ. ಆ ಹೊತ್ತಿಗೆ ಜೆಸ್ ಮೆಚ್ಚಿನ ಮ್ಯೂಸಿಕ್ ಟೀಚರ್ ಜೊತೆ ವಾಷಿಂಗ್ಟನ್ನಿನಲ್ಲಿ ಚಿತ್ರಗಳನ್ನು ನೋಡುತ್ತಿರುತ್ತಾನೆ. ಲೆಸ್ಲಿಯನ್ನೂ ಕರೆಯೋಣ ಅಂತ ಅವನು ಬಾಯಿಬಿಡಲಿಲ್ಲ, ಟೀಚರ್ ಜೊತೆ ತಾನೊಬ್ಬನೇ ಇರುವ ಆಸೆ. ಸುದ್ದಿ ಕೇಳಿದ ಮೇಲೆ ಮನೆಯಲ್ಲಿ ಪ್ಯಾನ್‌ಕೇಕ್ ಮಾಡಿ ಕೊಡುತ್ತಾರೆ. ಅವನು ತಿನ್ನುತ್ತಾನೆ. ರುಚಿಯಾಗಿದೆ ಅನ್ನಿಸುತ್ತದೆ. ಅಕ್ಕ ಹಂಗಿಸುತ್ತಾಳೆ, ಅಳೋದೂ ಇಲ್ವಾ ಅಂತ. ಸಾವಿನ ಮನೆಯಲ್ಲಿ ಹಸಿವಾದ ಮಕ್ಕಳ ಬಗ್ಗೆ ಇಷ್ಟು ನೆಟ್ಟಗೆ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಪ್ಯಾಟರ್ಸನ್ ಇದನ್ನು ಬರೆದದ್ದು ಅವರ ಮಗನ ಗೆಳತಿ ಸಿಡಿಲು ಬಡಿದು ತೀರಿಕೊಂಡ ಮೇಲೆ. ಮೊದಲರ್ಧ ಮಾತ್ರ ನಿಧಾನ. ಈಗಿನ ಮಕ್ಕಳು ಬಿಟ್ಟು ಎದ್ದರೂ ಎದ್ದರೇ.

ಯಾರಿಗೆ ಯಾವುದು? ಹತ್ತು ಹನ್ನೊಂದು ವಯಸ್ಸಿಗೆ ಟೆರಬಿಥಿಯಾ ಸಾಕು. ಗ್ರೀನ್ ಪುಸ್ತಕವನ್ನು ಹೈಸ್ಕೂಲಿನ ಕೊನೆಗೆ ಬಂದವರು ಓದಲಿ. ನೆಸ್ ಪುಸ್ತಕ ಹನ್ನೆರಡರಿಂದ ಎಂಬತ್ತರವರೆಗೆ. ಇಂಗ್ಲಿಷ್ ಸರಳ, ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಡಿಕ್ಷನರಿ ಬೇಕಾಗಲಿಲ್ಲ. ಆದರೆ ಮನೆಯಲ್ಲಿ ಈಗಲೇ ಯಾರಿಗಾದರೂ ಚಿಕಿತ್ಸೆ ನಡೀತಿದ್ದರೆ ಮೊದಲು ದೊಡ್ಡವರು ಓದಿ, ಆಮೇಲೆ ಮಕ್ಕಳಿಗೆ ಕೊಡಿ. ಕೊಟ್ಟ ಮೇಲೆ "ಏನು ಕಲಿತೆ?" ಅಂತ ಮಾತ್ರ ಪರೀಕ್ಷೆ ಮಾಡಬೇಡಿ.

ಕೊಳ್ಳುವಾಗ ಒಂದು ಎಚ್ಚರ. 'ಎ ಮಾನ್‌ಸ್ಟರ್ ಕಾಲ್ಸ್' ಚಿತ್ರಗಳಿಲ್ಲದ ಆವೃತ್ತಿಯಲ್ಲೂ ಸಿಗುತ್ತದೆ. ಅದು ಬೇಡ. ಜಿಮ್ ಕೇ ಚಿತ್ರಗಳು ಕಪ್ಪು ಬಿಳುಪು, ಪುಟದ ಅಂಚಿನಿಂದ ಅಕ್ಷರಗಳ ನಡುವೆ ನುಗ್ಗುತ್ತವೆ. ಭೂತದ ಮುಖವನ್ನು ಪೂರ್ತಿ ಬೆಳಕಿಗೆ ತರುವುದಿಲ್ಲ, ಮುಳ್ಳು, ಕೊಂಬೆ, ನೆರಳಿನಲ್ಲೇ ಇಡುತ್ತಾನೆ. 2016ರ ಸಿನಿಮಾದಲ್ಲಿ ಮರಕ್ಕೆ ಲಿಯಾಮ್ ನೀಸನ್ ದನಿ ಚೆನ್ನಾಗಿದೆ, ಆದರೆ ಅಲ್ಲಿ ಭೂತ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತದೆ. ಪುಸ್ತಕ ಮುಗಿಸಿಯೇ ನೋಡಿ. ಆನ್‌ಲೈನಿನಲ್ಲಿ ಆರ್ಡರ್ ಮಾಡುವವರು ವಿವರದಲ್ಲಿ ಜಿಮ್ ಕೇ ಹೆಸರು ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ನೂರು ರೂಪಾಯಿ ಕಮ್ಮಿ ಇದೆ ಅಂತ ಆಸೆಪಡಬೇಡಿ.