ಅರ್ಕಾ ರಕ್ಷಕ್ ಟೊಮೆಟೊ ಬೀಜ: ನಮ್ಮ ಕುಮಟಾದ ಮಣ್ಣಿನಲ್ಲಿ ಎರಡು ಬೇಸಿಗೆ

ನಮ್ಮ ಮನೆ ಅಘನಾಶಿನಿ ಹೊಳೆಯ ಹತ್ತಿರ. ಚಿರೆಕಲ್ಲಿನ ಕೆಂಪು, ಹುಳಿ ಮಣ್ಣು. ಇಲ್ಲಿ ಟೊಮೆಟೊ ಬೆಳೆಯಲು ಹೊರಟವರಿಗೆಲ್ಲ ಸೊರಗು ರೋಗದ ಪರಿಚಯ ಇದ್ದೇ ಇರುತ್ತದೆ.

ಮೂರು ವರ್ಷದ ಹಿಂದೆ ಒಂದು ನರ್ಸರಿಯಿಂದ 60 ಸಸಿ ತಂದಿದ್ದೆ. ಯಾವ ತಳಿ ಅಂತ ಕೇಳಿದರೆ ಹೇಳಲಿಲ್ಲ, "ರೋಗ ಬರಲ್ಲ, ಧೈರ್ಯವಾಗಿ ನೆಡಿ" ಎಂದರು. ಹೂ ಬಿಡುವ ಹೊತ್ತಿಗೆ ಗಿಡಗಳು ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳತೊಡಗಿದವು. ನಾಲ್ಕೈದು ದಿನದಲ್ಲಿ ಎಲೆ ಹಸಿರಿದ್ದಂತೆಯೇ ಸತ್ತವು. ಒಂದು ಕಾಂಡ ಕೊಯ್ದು ಗಾಜಿನ ಲೋಟದ ನೀರಿಗೆ ಇಳಿಬಿಟ್ಟೆ. ತುದಿಯಿಂದ ಹಾಲಿನಂಥ ಎಳೆ ಇಳಿಯಿತು. ಅದು ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ. ಬೇರಿನಿಂದ ಹೊಕ್ಕು, ನೀರು ಏರುವ ನಾಳವನ್ನೇ ಕಟ್ಟಿಬಿಡುತ್ತದೆ. ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. 60 ಗಿಡದಲ್ಲಿ ಉಳಿದದ್ದು 7. ಆ ದಿನ ಬಹಳ ಬೇಜಾರಾಗಿತ್ತು.

ಮರುವರ್ಷ ತಂಗಿಯ ಮಗ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅರ್ಕಾ ರಕ್ಷಕ್ ಬೀಜ ತಂದುಕೊಟ್ಟ. ಸೊರಗು, ಎಲೆ ಮುದುಡು ವೈರಸ್, ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್), ಈ ಮೂರನ್ನೂ ತಡೆಯುವ ಹೈಬ್ರಿಡ್ ಇದು. ಗದ್ದೆ ಕೊಯ್ಲಾದ ಮೇಲೆ ಅದೇ ಸತ್ತ ಜಾಗದಲ್ಲಿ, ಸುಣ್ಣ ಹಾಕಿ, 48 ಸಸಿ ನೆಟ್ಟೆ. ಹೋದದ್ದು 4 ಮಾತ್ರ! ಪಕ್ಕದ ಮನೆಯವರ ಗಿಡಗಳಲ್ಲಿ ಆ ವೈರಸ್ ಹರಡುವ ಬಿಳಿ ನೊಣ ಕೂತು ಎಲೆ ಮುರುಟಿದರೂ ನಮ್ಮವು ನೆಟ್ಟಗೇ ಇದ್ದವು.

ಇದು ಹೇಗೆ ಅಂತ ತಿಳಿಯುವ ಆಸೆಯಾಗಿ ಓದಿದೆ. ಎಲೆ ಮುದುಡು ವೈರಸ್ಸನ್ನು ತಡೆಯುವ 'ಟೈ' ಜೀನ್‌ಗಳು ಮೂಲದಲ್ಲಿ ದಕ್ಷಿಣ ಅಮೆರಿಕದ ಕಾಡು ಟೊಮೆಟೊಗಳವು. ತಳಿ ಬೆಳೆಸುವವರು ಕಾಡು ಗಿಡದ ಜೊತೆ ಸಂಕರ ಮಾಡಿ, ಮತ್ತೆ ಮತ್ತೆ ಆರಿಸಿ ಊರ ಗಿಡಕ್ಕೆ ತಂದರು. ಸೊರಗಿನದು ಇಷ್ಟು ಸುಲಭ ಅಲ್ಲ. ಅಲ್ಲಿ ಹಲವು ಜೀನ್‌ಗಳು ಸೇರಿ ಕೆಲಸ ಮಾಡಬೇಕು. ತಡೆ ಇರುವ ಗಿಡದೊಳಗೂ ಬ್ಯಾಕ್ಟೀರಿಯಾ ಇರಬಹುದು, ಆದರೆ ಬೇರಿನಿಂದ ಕಾಂಡಕ್ಕೆ ಹತ್ತುವುದು ಕಮ್ಮಿ. ಮಣ್ಣು ಜಾಸ್ತಿ ಕಾದರೆ, ಬೇರಿಗೆ ಗಂಟುಹುಳ ಬಿದ್ದರೆ ಈ ತಡೆಯೂ ಸಡಿಲ ಆಗುತ್ತದೆ. ಆ 4 ಗಿಡ ಹೋದದ್ದು ಮಾರ್ಚ್ ಬಿಸಿಲಲ್ಲೇ. ಬುಡಕ್ಕೆ ದರಕು (ಒಣ ಎಲೆ) ಹೊದಿಸಿ ತಂಪು ಮಾಡಿದ ಮೇಲೆ ಒಂದೂ ಹೋಗಲಿಲ್ಲ.

ಹಣ್ಣು ಕಡು ಕೆಂಪು, ಗಟ್ಟಿ, 90 ಗ್ರಾಂ ಆಸುಪಾಸು. ಸಂತೆಗೆ ಬುಟ್ಟಿಯಲ್ಲಿ ಒಯ್ದರೂ ಒಡೆಯಲ್ಲ. ಸಾರಿಗೆ ಹುಳಿ ಸಾಲದು ಅಂತ ಅತ್ತೆ ಚೂರು ಹುಣಸೆ ಸೇರಿಸುತ್ತಾರೆ. ಗೊಜ್ಜಿಗೆ ಮಾತ್ರ ಇದೇ ಬೇಕು.

ಎರಡನೇ ವರ್ಷ ಆಸೆ ಜಾಸ್ತಿಯಾಗಿ ಕೆಳಗಿನ ಹಿತ್ತಿಲಿಗೂ ನೆಟ್ಟೆ. ಅಲ್ಲಿನ ಬಾವಿ ಏಪ್ರಿಲ್‌ನಲ್ಲಿ ಸವುಳಾಗುತ್ತದೆ. ಎಲೆಯ ಅಂಚು ಸುಟ್ಟಿತು, ಕಾಯಿಯ ತಳ ಕಪ್ಪಾಯಿತು. ಉಪ್ಪು ಜಾಸ್ತಿಯಾದರೆ ಬೇರು ನೀರನ್ನೂ ಕ್ಯಾಲ್ಸಿಯಂ ಅನ್ನೂ ಸರಿಯಾಗಿ ಎಳೆಯುವುದಿಲ್ಲ. ಸೊರಗು ತಡೆಯುವ ಜೀನ್ ಉಪ್ಪಿಗೆ ಏನು ಮಾಡೀತು? ನಮ್ಮ ಗಜನಿಯ (ಹೊಳೆ ಬದಿಯ ಉಪ್ಪುನೀರಿನ ಗದ್ದೆಯ) ಕಗ್ಗ ಭತ್ತ ಉಪ್ಪುನೀರಲ್ಲೇ ನಿಂತು ತೆನೆ ಬಿಡುತ್ತದೆ, ಅದು ಆ ಮಣ್ಣಿನಲ್ಲೇ ತಲೆಮಾರುಗಟ್ಟಲೆ ಆರಿಸಿ ಉಳಿಸಿಕೊಂಡ ಬೀಜ. ಈ ಟೊಮೆಟೊ ಹಾಗಲ್ಲ, ಅಲ್ವಾ? ಹಾಗಾಗಿ ಸಿಹಿನೀರು ಇದ್ದು, ಸೊರಗಿನ ಕಾಟ ಇರುವವರು ಕಣ್ಣುಮುಚ್ಚಿ ತಗೊಳ್ಳಿ. ಸವುಳು ಬಾವಿಯವರಿಗೆ ಬೇಡ.

ಇನ್ನೊಂದು, ಹಣ್ಣಿನ ಬೀಜ ಎತ್ತಿಡಬೇಡಿ. ನಾನು ಇಟ್ಟು ನೋಡಿದೆ. ಹೈಬ್ರಿಡ್ ಆದ್ದರಿಂದ ಮುಂದಿನ ಪೀಳಿಗೆಯಲ್ಲಿ ಜೀನ್‌ಗಳು ಬೇರೆ ಬೇರೆಯಾಗಿ ಹಂಚಿಹೋಗುತ್ತವೆ. ಒಂದು ಗಿಡ ಎತ್ತರ, ಒಂದು ಗಿಡ್ಡ, ಕೆಲವು ಮತ್ತೆ ಸೊರಗಿದವು. ಪ್ರತಿ ವರ್ಷ ಹೊಸ ಪ್ಯಾಕೆಟ್ ತರಲೇಬೇಕು.

ಈ ಸಲ ಚೌತಿ ಕಳೆದ ಮೇಲೆ ಮೇಲಿನ ಹಿತ್ತಿಲಿಗೆ ಎರಡು ಪ್ಯಾಕೆಟ್ ತರಿಸುತ್ತಿದ್ದೇನೆ. ಕೆಳಗಿನದಕ್ಕೆ ಹರಿವೆ ಹಾಕುತ್ತೇನೆ, ಅದು ಅಲ್ಲಿ ಚೆನ್ನಾಗಿ ಬರುತ್ತದೆ.